ಮನೆಯಲ್ಲೇ ಓದುವ ಮಗು ಮತ್ತು ‘ಯಾವ ಶಾಲೆ?’ ಎಂಬ ಪ್ರಶ್ನೆ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಒಂಬತ್ತು ವರ್ಷದ ಮಗಳ ಕೈಹಿಡಿದು ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ, ವೀಳ್ಯದೆಲೆ ಎಣಿಸಿಕೊಡುವ ಹೆಂಗಸಿನ ಬಾಯಿಂದ ಮೊದಲು ಬರುವುದು ಬೆಲೆಯ ಮಾತಲ್ಲ. ‘ಯಾಕವ್ವಾ, ಇವತ್ತು ಇಸ್ಕೂಲಿಲ್ವಾ?’ ಎಂದು ಆಕೆ ಕೇಳುತ್ತಾಳೆ. ‘ನಾನು ಮನೇಲೇ ಓದೋದು’ ಎಂದು ಮಗಳು ಹೇಳಿದರೆ ‘ಅಯ್ಯೋ, ಮಗೀಗೆ ಹುಷಾರಿಲ್ವಾ?’ ಎಂಬ ಎರಡನೆಯ ಪ್ರಶ್ನೆ, ಈ ಬಾರಿ ನನ್ನ ಮುಖ ನೋಡಿ ಬರುತ್ತದೆ. ಹೋಂಸ್ಕೂಲಿಂಗ್ ಮಾಡುವ ಪ್ರತಿಯೊಂದು ಕುಟುಂಬಕ್ಕೂ ಈ ಸಂಭಾಷಣೆ ಬಾಯಿಪಾಠವಾಗಿರುತ್ತದೆ. ನಾಲ್ಕು ವರ್ಷಗಳಿಂದ ಇದನ್ನು ಎದುರಿಸುತ್ತಿರುವ ನನಗೆ ತಡವಾಗಿ ಅರ್ಥವಾದದ್ದೇನೆಂದರೆ, ಪ್ರಶ್ನೆಯ ಮಾತುಗಳು ಒಂದೇ ಆಗಿದ್ದರೂ ಮಾರುಕಟ್ಟೆಯ ಹೆಂಗಸು, ಮದುವೆಮನೆಯ ಮಾವ, ಮನೆಬಾಗಿಲಿಗೆ ಬಂದ ಶಿಕ್ಷಕಿ ಮತ್ತು ಸ್ವಂತ ಅಜ್ಜಿ ಕೇಳುತ್ತಿರುವುದು ನಾಲ್ಕು ಬೇರೆ ಬೇರೆ ಸಂಗತಿಗಳನ್ನು. ಎಲ್ಲರಿಗೂ ಒಂದೇ ಉತ್ತರ ಕೊಡಲು ಹೊರಟವರು ಬೇಗನೆ ದಣಿಯುತ್ತಾರೆ.

ನಮ್ಮಲ್ಲಿ ಈ ದಾರಿ ಹಿಡಿಯುವವರೆಲ್ಲ ಶಾಲೆಯನ್ನು ತಾತ್ವಿಕವಾಗಿ ವಿರೋಧಿಸುವವರಲ್ಲ. ಎರಡು ವರ್ಷಕ್ಕೊಮ್ಮೆ ವರ್ಗಾವಣೆಯಾಗುವ ನೌಕರಿಯವರು, ದಿನಕ್ಕೆ ಐದು ಗಂಟೆ ಈಜಿಗೋ ಸಂಗೀತಕ್ಕೋ ಕೊಡುವ ಮಕ್ಕಳ ಪೋಷಕರು, ಡಿಸ್ಲೆಕ್ಸಿಯಾದಂತಹ ಕಲಿಕೆಯ ತೊಡಕಿರುವ ಮಗುವನ್ನು ತರಗತಿಯ ಓಟಕ್ಕೆ ಕಟ್ಟಿಹಾಕಲು ಮನಸ್ಸಿಲ್ಲದವರು, ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವು ಬರುವ ಮಗುವಿನ ಅಪ್ಪ ಅಮ್ಮ, ಹೀಗೆ ಕಾರಣಗಳು ಹಲವು. ಎಲ್ಲರಿಗೂ ಸಮಾನವಾದ ಒಂದು ಅಂಶವಿದೆ: ಹಗಲು ಹೊತ್ತಿನಲ್ಲಿ ಮನೆಯಲ್ಲಿರಬಲ್ಲ ಒಬ್ಬ ದೊಡ್ಡವರು. ಇಬ್ಬರೂ ಕೂಲಿಗೆ ಹೋಗಬೇಕಾದ ಮನೆಗೆ ಇದು ಆಯ್ಕೆಯೇ ಅಲ್ಲ. ಬಿಸಿಯೂಟ, ಉಚಿತ ಪುಸ್ತಕ, ಮಗುವಿಗೊಂದು ಸುರಕ್ಷಿತ ಜಾಗ ಇವೆಲ್ಲ ಶಾಲೆಯಿಂದಲೇ ಸಿಗುವಂಥವು. ಶಾಲೆಯ ಹೊಸ್ತಿಲು ದಾಟಲು ಎರಡು ತಲೆಮಾರು ಹೆಣಗಿದ ಕುಟುಂಬದವರೊಬ್ಬರು ‘ಸಿಕ್ಕಿದ್ದನ್ನು ಬಿಟ್ಟು ಕೂತಿದ್ದೀರಲ್ಲ’ ಎಂದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅವಿವೇಕ.

ಮೊದಲು ಕಾನೂನಿನ ಮಾತನ್ನು ಬಿಡಿಸಿಕೊಳ್ಳೋಣ, ಏಕೆಂದರೆ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿ. 2002ರ 86ನೆಯ ತಿದ್ದುಪಡಿಯು ಸಂವಿಧಾನಕ್ಕೆ 21ಎ ವಿಧಿಯನ್ನು ಸೇರಿಸಿ, 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ನೀಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಅದೇ ತಿದ್ದುಪಡಿಯು 51ಎ ವಿಧಿಗೆ ಹೊಸ ಕಲಮೊಂದನ್ನು ಸೇರಿಸಿ, ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ಪೋಷಕರ ಮೂಲಭೂತ ಕರ್ತವ್ಯ ಎಂದಿತು. ಅಲ್ಲಿರುವುದು ಶಿಕ್ಷಣ ಎಂಬ ಪದ, ಶಾಲೆ ಎಂಬ ಪದವಲ್ಲ. ಆದರೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, ಅದರ 10ನೆಯ ಸೆಕ್ಷನ್‌ನಲ್ಲಿ, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹೇಳುತ್ತದೆ. ಹಾಗೆ ಸೇರಿಸದ ಪೋಷಕರಿಗೆ ಯಾವ ದಂಡವನ್ನೂ ಆ ಕಾಯ್ದೆ ವಿಧಿಸಿಲ್ಲ. ಕರ್ತವ್ಯವನ್ನು ಹೇಳಿ ಶಿಕ್ಷೆಯನ್ನು ಹೇಳದೆ ಬಿಟ್ಟ ಈ ತೆರಪಿನಲ್ಲಿಯೇ ಭಾರತದ ಹೋಂಸ್ಕೂಲಿಂಗ್ ಉಸಿರಾಡುತ್ತಿದೆ. 2012ರಲ್ಲಿ ದೆಹಲಿ ಹೈಕೋರ್ಟಿನ ಪ್ರಕರಣವೊಂದರಲ್ಲಿ ಕೇಂದ್ರ ಸರ್ಕಾರವು, ಸ್ವಇಚ್ಛೆಯಿಂದ ಮನೆಯಲ್ಲಿ ಕಲಿಸುವ ಪೋಷಕರಿಗೆ ಈ ಕಾಯ್ದೆ ಅಡ್ಡಿಯಲ್ಲ ಎಂಬರ್ಥದ ಅಫಿಡವಿಟ್ ಸಲ್ಲಿಸಿದ್ದುಂಟು. ಅದನ್ನು ಅನೇಕರು ಪರವಾನಗಿಯೆಂಬಂತೆ ಉಲ್ಲೇಖಿಸುತ್ತಾರೆ. ಅಫಿಡವಿಟ್ ಎನ್ನುವುದು ಒಂದು ಪ್ರಕರಣದಲ್ಲಿ ಸರ್ಕಾರ ತಳೆದ ನಿಲುವು. ಅದು ಕಾಯ್ದೆಯ ಸಾಲಿನ ಸ್ಥಾನದಲ್ಲಿ ನಿಲ್ಲುವುದಿಲ್ಲ.

ಕಾಯ್ದೆಯಲ್ಲಿ ಮನೆಯ ಶಿಕ್ಷಣದ ಪ್ರಸ್ತಾಪ ನೇರವಾಗಿ ಬರುವ ಜಾಗವೂ ಒಂದಿದೆ. 2012ರ ತಿದ್ದುಪಡಿಯ ಪ್ರಕಾರ ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕನ್ನು ಪಡೆದಿದೆ. ಉಳಿದ ಮಕ್ಕಳ ಬಗ್ಗೆ ಕಾಯ್ದೆ ಮೌನವಾಗಿದೆ. ಒಂದು ವಿಷಯದಲ್ಲಿ ಮಾತ್ರ ಅದು ಮೌನವಾಗಿಲ್ಲ: ಮಾನ್ಯತೆಯಿಲ್ಲದೆ ಶಾಲೆ ನಡೆಸಿದರೆ 18ನೆಯ ಸೆಕ್ಷನ್ ಅಡಿಯಲ್ಲಿ 1 ಲಕ್ಷ ರೂಪಾಯಿಯವರೆಗೆ, ಮುಂದುವರಿಸಿದರೆ ದಿನಕ್ಕೆ 10 ಸಾವಿರದವರೆಗೆ ದಂಡವಿದೆ. ನಾಲ್ಕು ಕುಟುಂಬಗಳು ವಾರಕ್ಕೊಮ್ಮೆ ಸೇರಿ ಮಕ್ಕಳನ್ನು ಒಟ್ಟಿಗೆ ಆಡಿಸುವುದು ಬೇರೆ. ಮಹಡಿಯ ಮೇಲೊಂದು ಕೋಣೆ ಹಿಡಿದು, ಇಬ್ಬರು ಶಿಕ್ಷಕರನ್ನು ನೇಮಿಸಿ, ದಿನವೂ ಹತ್ತರಿಂದ ಮೂರರವರೆಗೆ ಹತ್ತಾರು ಮಕ್ಕಳಿಗೆ ಪಾಠ ಹೇಳಿಸುವುದು ಬೇರೆ. ಎರಡನೆಯದನ್ನು ಹೋಂಸ್ಕೂಲಿಂಗ್ ಎಂದು ಕರೆದುಕೊಂಡ ಮಾತ್ರಕ್ಕೆ ಅದು ಶಾಲೆಯಾಗದೆ ಉಳಿಯುವುದಿಲ್ಲ. ಇನ್ನು, ‘ಅಮೆರಿಕದಲ್ಲಿ ಎಲ್ಲರೂ ಮಾಡುತ್ತಾರೆ’ ಎಂಬ ವಾದ ಇಲ್ಲಿ ಕೆಲಸಕ್ಕೆ ಬಾರದು. ಅಲ್ಲಿನ 50 ರಾಜ್ಯಗಳಲ್ಲಿಯೂ ಮನೆಶಿಕ್ಷಣ ಕಾನೂನುಬದ್ಧವಾಗಿದ್ದು, ಪ್ರತಿಯೊಂದು ರಾಜ್ಯಕ್ಕೂ ಅದರದೇ ನಿಯಮಗಳಿವೆ. ನಮ್ಮಲ್ಲಿ ಇರುವುದು ಅನುಮತಿಯೂ ಅಲ್ಲದ, ನಿಷೇಧವೂ ಅಲ್ಲದ ಒಂದು ಮಬ್ಬು.

ಈ ಮಬ್ಬು ಪ್ರತ್ಯಕ್ಷವಾಗುವುದು ಸಮೀಕ್ಷೆಯ ಶಿಕ್ಷಕಿ ಬಾಗಿಲು ತಟ್ಟಿದಾಗ. ಕರ್ನಾಟಕದ ಪ್ರತಿ ಶಾಲಾ ಮಗುವಿಗೂ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ಎಸ್‌ಎಟಿಎಸ್ ಸಂಖ್ಯೆಯೊಂದಿದ್ದು, ಟಿಸಿ ಪಡೆದ ಮಗು ಇನ್ನೊಂದು ಶಾಲೆಯಲ್ಲಿ ದಾಖಲಾಗದಿದ್ದರೆ ದಾಖಲೆಯಲ್ಲಿ ಅದು ಶಾಲೆ ಬಿಟ್ಟ ಮಗುವಾಗಿಯೇ ಕಾಣುತ್ತದೆ. 2013ರಲ್ಲಿ ರಾಜ್ಯ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಚಾರವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತ್ತು. ಅಂತಹ ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ಹೋಗುವುದು ಶಿಕ್ಷಕರ ಕೆಲಸಗಳಲ್ಲಿ ಒಂದು. ನಮ್ಮ ಮನೆಗೆ ಬಂದವರು ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು ಬಂದಿದ್ದರು. ನಾನು ಕಾನೂನಿನ ಸೆಕ್ಷನ್‌ಗಳನ್ನು ಒಪ್ಪಿಸಲು ಸಿದ್ಧಳಾಗಿದ್ದೆ. ಅವರು ಒಂದು ಲೋಟ ನೀರು ಕುಡಿದು, ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ಮಗಳ ಕೈಗೆ ಕೊಟ್ಟು, ‘ಇಲ್ಲಿಂದ ಓದಮ್ಮ’ ಎಂದರು. ಮಗಳು ಓದಿದಳು, ‘ಸಾರ್ವತ್ರಿಕ’ ಎಂಬಲ್ಲಿ ಅರ್ಕಾವತ್ತನ್ನು ಮುಂದಿನ ಅಕ್ಷರಕ್ಕೆ ದಾಟಿಸಿ ಎಡವಿದಳು. ಶಿಕ್ಷಕಿ ತಿದ್ದಿದರು, ನೋಟ್‌ಬುಕ್‌ಗಳನ್ನು ತಿರುವಿಹಾಕಿದರು, ತಮ್ಮ ನಮೂನೆಯಲ್ಲಿ ಕಾರಣ ಬರೆಯುವ ಜಾಗದಲ್ಲಿ ವಲಸೆ, ದುಡಿಮೆ, ಅನಾರೋಗ್ಯಗಳ ನಡುವೆ ಹುಡುಕಿ ಕೊನೆಗೆ ‘ಇತರೆ’ ಎಂದು ಗುರುತಿಸಿಕೊಂಡರು. ಆಕೆಗೆ ಬೇಕಾಗಿದ್ದದ್ದು ಸಿದ್ಧಾಂತವಲ್ಲ. ಈ ಮಗು ಬಾಗಿಲ ಹಿಂದೆ ಪಾತ್ರೆ ತೊಳೆಯುತ್ತಿಲ್ಲ, ಕಲಿಯುತ್ತಿದೆ ಎಂಬ ಖಾತ್ರಿ. ಇಲಾಖೆಯವರು ಕೇಳುವ ಪ್ರಶ್ನೆ ಬಾಲಕಾರ್ಮಿಕ ಪದ್ಧತಿಯ ವಿರುದ್ಧ, ಬಾಲ್ಯವಿವಾಹದ ವಿರುದ್ಧ ಕಟ್ಟಿದ ಬೇಲಿಯ ಒಂದು ಗೂಟ. ನಮಗೆ ಅದು ಎಡವುಗಲ್ಲೆನಿಸಿದರೂ ಗೂಟ ಅಲ್ಲಿರುವುದೇ ಒಳ್ಳೆಯದು. ಹಾಗಾಗಿ ಮಗುವಿನ ಜನನ ಪ್ರಮಾಣಪತ್ರ, ಹಿಂದಿನ ಶಾಲೆಯ ಟಿಸಿ, ಲಸಿಕೆಯ ಕಾರ್ಡು, ವರ್ಷವಾರು ನೋಟ್‌ಬುಕ್‌ಗಳು ಇವಿಷ್ಟು ಒಂದೇ ಪೆಟ್ಟಿಗೆಯಲ್ಲಿ ಕೈಗೆಟಕುವಂತೆ ಇರಬೇಕು, ಸೌಜನ್ಯವೂ ಇರಬೇಕು.

ಮದುವೆಮನೆಯ ಪ್ರಶ್ನೆಯ ಜಾಯಮಾನವೇ ಬೇರೆ. ಅಲ್ಲಿ ಪ್ರಶ್ನೆ ನನಗೆ, ಪರೀಕ್ಷೆ ಮಗುವಿಗೆ. ‘ಹೌದಾ, ಮನೇಲೇ ಓದ್ತೀಯಾ? ಹಾಗಾದ್ರೆ ಹದಿನೇಳರ ಮಗ್ಗಿ ಹೇಳು ನೋಡೋಣ’ ಎಂದು ದೂರದ ಮಾವನೊಬ್ಬರು ಊಟದ ಪಂಕ್ತಿಯಲ್ಲಿಯೇ ಶುರುಮಾಡುತ್ತಾರೆ. ಪಕ್ಕದಲ್ಲಿ ಕುಳಿತಿರುವ, ಶಾಲೆಗೆ ಹೋಗುವ ಅವರ ಮೊಮ್ಮಗನಿಗೆ ಆ ಮಗ್ಗಿಯನ್ನು ಯಾರೂ ಕೇಳುವುದಿಲ್ಲ. ಮೊದಮೊದಲು ನಾನು ಮಗಳ ಪರವಾಗಿ ಉತ್ತರಿಸುತ್ತಿದ್ದೆ. ಅದು ಅವಳಿಗೆ ಇನ್ನಷ್ಟು ಅವಮಾನವೆನಿಸುತ್ತಿತ್ತೆಂದು ಆಮೇಲೆ ತಿಳಿಯಿತು. ಈಗ ನಾವು ಮಾಡಿಕೊಂಡಿರುವ ಒಪ್ಪಂದ ಸರಳವಾದದ್ದು: ಉತ್ತರ ಹೇಳಬೇಕೆನಿಸಿದರೆ ಹೇಳುವುದು, ಬೇಡವೆನಿಸಿದರೆ ‘ಈಗ ಊಟ ಮಾಡ್ತಿದ್ದೀನಿ ಮಾವ’ ಎನ್ನುವುದು. ಅಪರಿಚಿತರಿಗೆ ‘ಮನೆಯಲ್ಲಿ ಓದುತ್ತೇನೆ, ನಾಲ್ಕನೆಯ ತರಗತಿಯ ಪುಸ್ತಕ’ ಎಂಬ ಒಂದೇ ವಾಕ್ಯ. ಸುಳ್ಳು ಶಾಲೆಯ ಹೆಸರು ಹೇಳಿ ಪಾರಾಗುವ ಅಭ್ಯಾಸವನ್ನು ಕೆಲವರು ಮಕ್ಕಳಿಗೆ ಕಲಿಸುತ್ತಾರೆ. ಅದು ಬೇಡವೆಂದೇ ನನ್ನ ಅಭಿಪ್ರಾಯ, ಏಕೆಂದರೆ ತಾನು ಬದುಕುತ್ತಿರುವ ರೀತಿ ಮುಚ್ಚಿಡಬೇಕಾದದ್ದು ಎಂಬ ಪಾಠವನ್ನು ಮಗು ಅದರಿಂದ ತಪ್ಪದೆ ಕಲಿಯುತ್ತದೆ.

ಅಜ್ಜಿಯ ವಿಷಯದಲ್ಲಿ ನಾವು ಎಡವಿದ್ದೆವು. ಲೇಖನಗಳನ್ನು ಓದಿ ಹೇಳಿದೆವು, ಶಾಲೆಯಿಲ್ಲದೆ ಓದಿ ದೊಡ್ಡ ವಿಶ್ವವಿದ್ಯಾಲಯ ಸೇರಿದ ಮಕ್ಕಳ ಉದಾಹರಣೆ ಕೊಟ್ಟೆವು. (ಆ ಉದಾಹರಣೆಗಳಿಂದ ಸಿಗುವ ನೆಮ್ಮದಿ ಅಪಾಯಕಾರಿಯಾದದ್ದು, ಅಸಾಧಾರಣ ಮಗು ಎಲ್ಲಿ ಓದಿದರೂ ಅಸಾಧಾರಣವೇ, ನಮ್ಮ ಮಗು ಸಾಧಾರಣ.) ಅತ್ತೆಯವರಿಗೆ ಬೇಕಿದ್ದದ್ದು ವಾದವಲ್ಲ, ದೇವಸ್ಥಾನದ ಕಟ್ಟೆಯಲ್ಲಿ ಗೆಳತಿಯರು ಕೇಳಿದಾಗ ತಲೆತಗ್ಗಿಸದೆ ಹೇಳಬಹುದಾದ ಒಂದು ಮಾತು. ಅವರಿಗೊಂದು ಪಾಠವನ್ನೇ ಒಪ್ಪಿಸಿದ ಮೇಲೆ ಅದು ತಾನಾಗಿ ಸಿಕ್ಕಿತು. ಈಗ ವಾರಕ್ಕೆ ಮೂರು ದಿನ ಅವರು ಮೊಮ್ಮಗಳಿಂದ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸುತ್ತಾರೆ, ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪನ್ನು ಬಿಡದೆ ಹಿಡಿಯುತ್ತಾರೆ. ಕಟ್ಟೆಯ ಮೇಲೆ ಅವರು ಹೇಳುವುದು ‘ಕನ್ನಡ ನಾನೇ ಕಲಿಸ್ತೀನಿ’ ಎಂದು.

ದಿನಚರಿಗೆ ಬರೋಣ. ‘ದಿನವೆಲ್ಲ ಏನು ಮಾಡುತ್ತೀರಿ?’ ಎಂಬ ಪ್ರಶ್ನೆಯ ಹಿಂದಿರುವುದು ಶಾಲೆಯ ಆರು ಗಂಟೆಗೆ ಸಮನಾಗಿ ಮನೆಯಲ್ಲಿಯೂ ಆರು ಗಂಟೆ ಪಾಠವಾಗಬೇಕೆಂಬ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನೇ ನೋಡಿದರೆ, 1ರಿಂದ 5ನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು ಮತ್ತು 800 ಬೋಧನಾ ಗಂಟೆಗಳು, 6ರಿಂದ 8ಕ್ಕೆ 220 ದಿನಗಳು ಮತ್ತು 1000 ಗಂಟೆಗಳು ಎಂದಿದೆ. ಅಂದರೆ ಕಿರಿಯ ಪ್ರಾಥಮಿಕದಲ್ಲಿ ದಿನಕ್ಕೆ ನಾಲ್ಕು ಗಂಟೆ. ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿದ್ದು ಆ 240 ನಿಮಿಷಗಳನ್ನು ಸಮನಾಗಿ ಹಂಚಿದರೆ ತಲೆಗೆ ಎಂಟು ನಿಮಿಷ. ಇದು ಒರಟು ಲೆಕ್ಕ, ನಿಜ. ಮಗು ಕಲಿಯುವುದು ಶಿಕ್ಷಕರು ತನ್ನನ್ನೇ ನೋಡುವಾಗ ಮಾತ್ರವಲ್ಲ, ಪಕ್ಕದವನು ತಪ್ಪು ಉತ್ತರ ಹೇಳುವುದನ್ನು ಕೇಳಿಸಿಕೊಳ್ಳುವಾಗಲೂ ಹೌದು, ಮತ್ತು ಆ ತಪ್ಪು ಉತ್ತರ ಮನೆಯಲ್ಲಿ ಸಿಗುವುದಿಲ್ಲ. ಆದರೂ ಒಬ್ಬರಿಗೊಬ್ಬರು ಕುಳಿತಾಗ ಎಂಟು ಒಂಬತ್ತು ವರ್ಷದ ಮಗುವಿಗೆ ಎರಡು, ಎರಡೂವರೆ ಗಂಟೆಗಿಂತ ಹೆಚ್ಚು ಮೇಜಿನ ಕೆಲಸ ಬೇಕಾಗುವುದಿಲ್ಲ ಎಂಬುದು ನಮ್ಮ ಅನುಭವ. ಮೊದಲ ವರ್ಷ ನಾವು ಗೋಡೆಗೆ ವೇಳಾಪಟ್ಟಿ ಅಂಟಿಸಿ, ನಲವತ್ತು ನಿಮಿಷಕ್ಕೊಮ್ಮೆ ವಿಷಯ ಬದಲಿಸಿ, ಅಕ್ಷರಶಃ ಗಂಟೆ ಬಾರಿಸಿ ನೋಡಿದೆವು. ಮೂರನೆಯ ವಾರಕ್ಕೆ ಮನೆಯಲ್ಲಿ ಎಲ್ಲರಿಗೂ ಸಿಡುಕು ಹಿಡಿದಿತ್ತು.

ಈಗ ಉಳಿದಿರುವುದು ಎರಡೇ ಗಟ್ಟಿ ಗೂಟಗಳು: ಬೆಳಗಿನ ತಿಂಡಿಯ ನಂತರ ಗಣಿತ ಮತ್ತು ಭಾಷೆ, ಸಂಜೆ ಐದಕ್ಕೆ ಆಟದ ಮೈದಾನ. ನಡುವಿನದು ದಿನದಿನಕ್ಕೆ ಬದಲಾಗುತ್ತದೆ. ಪಠ್ಯಕ್ಕೆ ದುಬಾರಿ ಕಿಟ್‌ಗಳು ಬೇಕಿಲ್ಲ. ರಾಜ್ಯದ ಪಠ್ಯಪುಸ್ತಕಗಳೂ ಎನ್‌ಸಿಇಆರ್‌ಟಿ ಪುಸ್ತಕಗಳೂ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಚಿಕ್ಕ ಮಕ್ಕಳಿಗೆ ಹೇಗೆ ಕಲಿಸುವುದೆಂದು ತೋಚದವರು, 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿಯನ್ನು ನೋಡಬೇಕು. ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿ ಹತ್ತುವಂತೆ ಮಾಡುವ ಆ ಪದ್ಧತಿ ಮನೆಗೂ ಹೊಂದುತ್ತದೆ. ಮನೆಯಲ್ಲಿ ಹೊಸದೇನನ್ನೋ ಕಂಡುಹಿಡಿದೆವೆಂದು ಬೀಗುತ್ತಿದ್ದ ನನಗೆ, ಸರ್ಕಾರಿ ಶಾಲೆಯ ಶಿಕ್ಷಕರು ಅದನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದಾರೆಂದು ಹೇಳಿದ್ದು ಅದೇ ಸಮೀಕ್ಷೆಯ ಶಿಕ್ಷಕಿ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಇಡ್ಲಿಗೆ ನೆನೆಹಾಕುವ ಹೊತ್ತಿನಲ್ಲಿ ಉದ್ದಿನಬೇಳೆ ಡಬ್ಬಿಯ ತಳ ಕಂಡಿತ್ತು. ನಮ್ಮ ಮನೆಯ ಅಳತೆ ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ. ಇದ್ದದ್ದು ಮುಕ್ಕಾಲು ಪಾವು. ಅಕ್ಕಿ ಎಷ್ಟೆಂದು ಮಗಳನ್ನು ಕೇಳಿದೆ. ಅವಳು ಅಜ್ಜಿಯ ಹಳೆಯ ಹಿತ್ತಾಳೆಯ ಚಟಾಕನ್ನು ತಂದು, ಪಾವಿಗೆ ನಾಲ್ಕು ಚಟಾಕು ಎಂಬುದನ್ನು ಅಳೆದು ಖಚಿತಪಡಿಸಿಕೊಂಡು, ಉದ್ದು ಮೂರು ಚಟಾಕು, ಹಾಗಾದರೆ ಅಕ್ಕಿ ಒಂಬತ್ತು ಚಟಾಕು, ಅಂದರೆ ಎರಡು ಪಾವು ಒಂದು ಚಟಾಕು ಎಂದಳು. ಎರಡೂಕಾಲು. ನನಗೆ ಬಹಳ ಹಿಗ್ಗಾಯಿತು. ಮಾರನೆಯ ದಿನ ಪುಸ್ತಕದಲ್ಲಿ ಅದೇ ಲೆಕ್ಕವನ್ನು ಭಿನ್ನರಾಶಿಯಾಗಿ ಬರೆದುಕೊಟ್ಟಾಗ ಅಂಶವನ್ನೂ ಛೇದವನ್ನೂ ಎರಡನ್ನೂ ಮೂರರಿಂದ ಗುಣಿಸಿ, ಹನ್ನೆರಡರಲ್ಲಿ ಒಂಬತ್ತು ಎಂದು ಬರೆದು ನಿಶ್ಚಿಂತಳಾಗಿ ಎದ್ದುಹೋದಳು. ಮುಕ್ಕಾಲು ಮುಕ್ಕಾಲಾಗಿಯೇ ಉಳಿದಿತ್ತು. ‘ಅಡುಗೆಮನೆಯೇ ಪಾಠಶಾಲೆ’ ಎಂದು ಹೇಳುವವರು ಈ ಎರಡನೆಯ ದಿನದ ಕಥೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅರ್ಥ ಚಟಾಕಿನಿಂದ ಬಂತು. ಬರೆಯುವ ಕ್ರಮ ಮೇಜಿನ ಮುಂದೆ ಕುಳಿತು, ಬೇಸರವಾಗುವಷ್ಟು ಅಭ್ಯಾಸ ಮಾಡಿದ ಮೇಲೆಯೇ ಬಂತು. ಅದಕ್ಕೆ ಹನ್ನೆರಡು ದಿನ ಹಿಡಿಯಿತೆಂದು ನನ್ನ ನೋಟ್‌ಬುಕ್ ಹೇಳುತ್ತದೆ.

ಆ ನೋಟ್‌ಬುಕ್‌ನ ಬಗ್ಗೆ ಒಂದು ಮಾತು ಹೇಳಲೇಬೇಕು. ದಿನದ ಕೊನೆಗೆ ನಾಲ್ಕು ಸಾಲು ಬರೆದಿಡುವುದು ನಮ್ಮ ರೂಢಿ: ಏನು ಓದಿದ್ದು, ಎಲ್ಲಿ ತಡವರಿಸಿದ್ದು, ಯಾವುದನ್ನು ನಾಳೆಗೆ ಬಿಟ್ಟದ್ದು. ‘ಬುಧವಾರ. ಗಟ್ಟಿ ಓದು ಎರಡು ಪುಟ, ಳಕಾರ ಲಕಾರ ಅದಲುಬದಲು ಆರು ಕಡೆ. ಭಾಗಾಕಾರ ಎಂಟರಲ್ಲಿ ಐದು ಸರಿ. ಮಧ್ಯಾಹ್ನವೆಲ್ಲ ಇರುವೆಗೂಡು ನೋಡುತ್ತ ಕುಳಿತದ್ದು, ಬರೆಸಲಿಲ್ಲ. ನನಗೆ ತಲೆನೋವು, ವಿಜ್ಞಾನ ಇಲ್ಲ.’ ಮೂರು ತಿಂಗಳಿಗೊಮ್ಮೆ ತಿರುವಿಹಾಕಿದರೆ ‘ವಿಜ್ಞಾನ ಇಲ್ಲ’ ಎಂಬುದು ಎಷ್ಟು ಸಲ ಬಂದಿದೆಯೆಂದು ಕಣ್ಣಿಗೆ ರಾಚುತ್ತದೆ. ಶಾಲೆಯಲ್ಲಿ ಈ ತಪಾಸಣೆಗೆ ಮುಖ್ಯೋಪಾಧ್ಯಾಯರಿದ್ದಾರೆ, ಹತ್ತಿರದ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿ ಇದ್ದಾರೆ, ಪಕ್ಕದ ತರಗತಿಯ ಶಿಕ್ಷಕರಿದ್ದಾರೆ. ಮನೆಯಲ್ಲಿ ಕಲಿಸುವ ತಾಯಿಯನ್ನು ತಪಾಸಣೆ ಮಾಡುವವರು ಯಾರೂ ಇಲ್ಲ. ಹೊರಗಿನವರ ಪ್ರಶ್ನೆಗಳು ಕಿರಿಕಿರಿಯೆನಿಸಿದಾಗೆಲ್ಲ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

‘ಬೇರೆ ಮಕ್ಕಳ ಜೊತೆ ಬೆರೆಯುವುದು ಹೇಗೆ?’ ಎಂಬ ಪ್ರಶ್ನೆಗೆ ಹೋಂಸ್ಕೂಲಿಂಗ್ ವಲಯದಲ್ಲಿ ಸಿದ್ಧ ಉತ್ತರವೊಂದಿದೆ: ಎಲ್ಲ ವಯಸ್ಸಿನವರೊಂದಿಗೂ ಬೆರೆಯುತ್ತಾರೆ, ಒಂದೇ ವಯಸ್ಸಿನವರೊಂದಿಗೆ ಕೂಡಿಹಾಕುವುದೇ ಅಸಹಜ ಎಂದು. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವೆಂದರೆ, ನಾವು ಆರಿಸಿಕೊಡುವ ಒಡನಾಡಿಗಳು ಬಹುಮಟ್ಟಿಗೆ ನಮ್ಮಂಥವರ ಮಕ್ಕಳೇ ಆಗಿರುತ್ತಾರೆ. ಸರ್ಕಾರಿ ಶಾಲೆಯ ಬೆಂಚಿನಲ್ಲಿ ಸಿಗುವ ಆಕಸ್ಮಿಕ ಗೆಳೆತನಕ್ಕೆ, ಜಗಳವಾಡಿ ಮರುದಿನ ಅದೇ ಮುಖವನ್ನು ನೋಡಲೇಬೇಕಾದ ಕಟ್ಟುಪಾಡಿಗೆ ಮನೆಯಲ್ಲಿ ಬದಲಿ ಇಲ್ಲ. ಸಂಜೆಯ ಮೈದಾನವನ್ನು ನಾವು ಪಾಠಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸುವುದು ಇದೇ ಕಾರಣಕ್ಕೆ.

ಕೊನೆಗೆ ಪರೀಕ್ಷೆ. ಹೆಚ್ಚಿನ ಕುಟುಂಬಗಳು ನೆಚ್ಚಿಕೊಂಡಿರುವುದು 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆಯನ್ನು, ಅಂದರೆ ಇಂದಿನ ಎನ್‌ಐಒಎಸ್ ಅನ್ನು. ಹದಿನಾಲ್ಕು ವರ್ಷ ತುಂಬಿದ ಮಗು ಹತ್ತನೆಯ ತರಗತಿಯ ಮಟ್ಟಕ್ಕೆ, ಹದಿನೈದು ತುಂಬಿದವರು ಹನ್ನೆರಡರ ಮಟ್ಟಕ್ಕೆ ಅಲ್ಲಿ ನೋಂದಾಯಿಸಿಕೊಳ್ಳಬಹುದು. ಪ್ರಮಾಣಪತ್ರಕ್ಕೆ ಐದು ವಿಷಯಗಳು ಬೇಕು. ವರ್ಷಕ್ಕೆ ಎರಡು ಸಾರ್ವಜನಿಕ ಪರೀಕ್ಷೆಗಳಿದ್ದು, ನೋಂದಣಿಯ ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಅವಕಾಶಗಳು ಸಿಗುತ್ತವೆ. ಕಷ್ಟವೆನಿಸಿದ ವಿಷಯವನ್ನು ಮುಂದಿನ ಸರದಿಗೆ ಬಿಟ್ಟು ಒಂದೊಂದಾಗಿ ಮುಗಿಸಬಹುದಾದ್ದರಿಂದ ಇದು ಮನೆಯಲ್ಲಿ ಓದುವ ಮಕ್ಕಳಿಗೆ ಹೇಳಿಮಾಡಿಸಿದಂತಿದೆ.

ಆದರೆ ಕರ್ನಾಟಕದ ಪೋಷಕರು ಗಮನಿಸದೆ ಹೋಗುವ ಒಂದು ಗುಂಡಿ ಇಲ್ಲಿದೆ. ಸಿಇಟಿಯ ಮೂಲಕ ಸರ್ಕಾರಿ ಕೋಟಾದ ಎಂಜಿನಿಯರಿಂಗ್ ಮೊದಲಾದ ಸೀಟುಗಳಿಗೆ ಅರ್ಹರಾಗುವ ಮುಖ್ಯ ದಾರಿಯೆಂದರೆ, ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕೆಂಬ ನಿಯಮ. ಮನೆಯಲ್ಲಿ ಕಳೆದ ವರ್ಷಗಳು ಈ ಏಳರ ಲೆಕ್ಕಕ್ಕೆ ಬರುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಹತ್ತು ವರ್ಷಗಳ ಶಾಲಾ ವ್ಯಾಸಂಗದ ಪ್ರಮಾಣಪತ್ರ ಬೇಕು. ಮನೆಯಲ್ಲಿ ಎಷ್ಟೇ ಕನ್ನಡದಲ್ಲಿ ಓದಿದ್ದರೂ ಅದನ್ನು ಕೊಡುವವರಿಲ್ಲ. ಪೋಷಕರಲ್ಲೊಬ್ಬರು ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗು ಎರಡೂ ವರ್ಷದ ಪಿಯುಸಿಯನ್ನು ಇಲ್ಲಿನ ಮಾನ್ಯ ಕಾಲೇಜಿನಲ್ಲಿ ಮುಗಿಸಿದ್ದರೆ ಇನ್ನೊಂದು ಕಲಮಿನ ಅಡಿಯಲ್ಲಿ ಅವಕಾಶವುಂಟು. ಹಾಗಾಗಿ ಹತ್ತನೆಯದನ್ನು ಮುಕ್ತ ಶಾಲೆಯಲ್ಲಿ ಮುಗಿಸಿ ಪಿಯುಸಿಗೆ ಕಾಲೇಜು ಸೇರುವ ದಾರಿಯನ್ನು ನಾವು ಲೆಕ್ಕಹಾಕಿಟ್ಟುಕೊಂಡಿದ್ದೇವೆ. ಆಯಾ ವರ್ಷದ ಸಿಇಟಿ ಮಾಹಿತಿ ಪುಸ್ತಿಕೆಯನ್ನು, ಮಗುವಿಗೆ ಹತ್ತು ವರ್ಷವಾಗುವ ಮೊದಲೇ ಒಮ್ಮೆ ಕುಳಿತು ಓದುವುದು ಒಳ್ಳೆಯದು. ಹದಿನೇಳರಲ್ಲಿ ಓದಿದರೆ ತಿದ್ದಿಕೊಳ್ಳಲು ವರ್ಷಗಳು ಉಳಿದಿರುವುದಿಲ್ಲ.

ಶಾಲೆಗೆ ಮರಳುವ ಬಾಗಿಲು ಮಾತ್ರ ಕಾನೂನಿನಲ್ಲಿ ಅಗಲವಾಗಿಯೇ ತೆರೆದಿದೆ. ಎಲ್ಲಿಯೂ ದಾಖಲಾಗದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಸಹಪಾಠಿಗಳ ಮಟ್ಟಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ ಹೇಳುತ್ತದೆ. ಅದನ್ನು ನೆನಪಿನಲ್ಲಿಟ್ಟುಕೊಂಡು ಪ್ರತಿ ಏಪ್ರಿಲ್‌ನಲ್ಲಿ ನಾವು ಮಗಳನ್ನು ಕೇಳುತ್ತೇವೆ, ಬರುವ ವರ್ಷ ಮನೆಯೋ ಶಾಲೆಯೋ ಎಂದು. ಈ ಸಲ ಅವಳು ತಕ್ಷಣ ಉತ್ತರಿಸಲಿಲ್ಲ. ಎರಡು ದಿನ ಬಿಟ್ಟು, ಬೀದಿಯ ಕೊನೆಯಲ್ಲಿರುವ ಸರ್ಕಾರಿ ಶಾಲೆಯಲ್ಲಿ ಖೋ ಖೋ ತಂಡವಿದೆಯಂತೆ, ತಂಡಕ್ಕೆ ಸೇರಲು ಶಾಲೆಗೇ ಸೇರಬೇಕಾ ಎಂದು ಕೇಳಿದಳು. ಶಾಲೆಗಳ ನಡುವಿನ ಪಂದ್ಯಕ್ಕೆ ಅಲ್ಲಿನ ವಿದ್ಯಾರ್ಥಿಯಾಗಿರಲೇಬೇಕು ಎಂದೆ. ಅವಳಿನ್ನೂ ಯೋಚಿಸುತ್ತಿದ್ದಾಳೆ. ನಾನು ಟಿಸಿ ಇರುವ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿಟ್ಟಿದ್ದೇನೆ.